ಎಂಟರ್ ಮಾಸ್ಟ್ರು

ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ಜಿಲ್ಲಾ ಕಾರಾಗೃಹ ಉಂಟು, ಬಿಷಪ್ ಹೌಸ್ ಉಂಟು, ನಡೆದು ತಲುಪುವಷ್ಟು ಹತ್ತಿರದಲ್ಲಿ ಕೋರ್ಟೂ ಉಂಟು. ತಪ್ಪು, ವಿಚಾರಣೆ, ಶಿಕ್ಷೆ, ಪಶ್ಚಾತ್ತಾಪ ಎಂಬ ನಾಲ್ಕು ಆಶ್ರಮಗಳನ್ನು ರಿಕ್ಷಾ ಹಿಡಿಯದೆ ಮುಗಿಸಬಹುದಾದ ಜಾಗ ಕರಾವಳಿಯಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಹೆಸರಿನ ಕೊನೆಗಿರುವ ಬೈಲು ಗದ್ದೆಯ ಬೈಲು. ಜೈಲು ಪಕ್ಕದಲ್ಲಿದೆಯೆಂದು ಅದನ್ನು ಬೇಲ್ ಎಂದು ಓದಬಾರದು. ಗದ್ದೆ ಹೋಗಿ ಬಹಳ ಕಾಲವಾಯಿತು. ಈಗ ಅಲ್ಲಿ ಬೆಳೆಯುವುದು ಕಾಗದ: ಅಫಿಡವಿಟ್ಟು, ವಕಾಲತ್ತು, ಕ್ರಯಪತ್ರ, ಬಾಡಿಗೆ ಕರಾರು, ಕಾಲೇಜು ಮಕ್ಕಳ ಪ್ರಾಜೆಕ್ಟ್ ವರದಿ, ನೇಮೋತ್ಸವದ ಆಮಂತ್ರಣ, ಮದುವೆಯ ಓಲೆ, ಉತ್ತರಕ್ರಿಯೆಯ ಓಲೆ. ಇಷ್ಟು ಫಸಲಿಗೆ ಬೇಕಾದ ಉಳುಮೆ ನಡೆಯುವುದು ಜೆರಾಕ್ಸ್ ಅಂಗಡಿಗಳ ಒಳಮೂಲೆಯಲ್ಲಿ, ಒಂದು ಫ್ಯಾನು, ಒಂದು ಕಂಪ್ಯೂಟರು, ಅರ್ಧ ಲೋಟ ಚಹಾ ಇರುವ ಮೇಜಿನ ಮುಂದೆ. ಆ ಮೇಜಿನ ಹಿಂದೆ ಕೂತವರನ್ನು ಎಂಟರ್ ಮಾಸ್ಟ್ರು ಎಂದು ಕರೆಯೋಣ. ಇವರು ಒಬ್ಬರಲ್ಲ, ಒಂದು ಬಗೆ. ಟೈಪಿಂಗ್ ಅಂಗಡಿಯಲ್ಲಿ ಮಾತ್ರವಲ್ಲ, ಸಹಕಾರಿ ಸಂಘದ ವಾರ್ಷಿಕ ವರದಿಯಲ್ಲಿ, ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿಗೆ ಅಂಟಿಸಿದ ನೋಟಿಸಿನಲ್ಲಿ ಎಲ್ಲ ಕಡೆ ಅವರ ಕೈ ಕಾಣುತ್ತದೆ. ಗುರುತು ಹಿಡಿಯುವುದು ಸುಲಭ. ಬೇರೆಯವರ ಕೀಲಿಮಣೆಯಲ್ಲಿ ಅಕ್ಷರಗಳು ಮೊದಲು ಮಾಸಿದರೆ ಇವರ ಕೀಲಿಮಣೆಯಲ್ಲಿ ಮೊದಲು ಮಾಸುವುದು ಎಂಟರ್ ಗುಂಡಿ. ಬಲಗೈಯ ಕಿರುಬೆರಳು ಮಿಕ್ಕ ನಾಲ್ಕಕ್ಕಿಂತ ಹೆಚ್ಚು ದುಡಿದು, ಎಲ್ಲ ಸಾಲುಗಳ ಜವಾಬ್ದಾರಿ ಹೊತ್ತ ಹಿರಿಮಗನಂತೆ ಸ್ವಲ್ಪ ಬಾಗಿರುತ್ತದೆ.

ಮಾಸ್ಟ್ರು ಮಾಡುವುದು ಇಷ್ಟೇ: ಟೈಪು ಮಾಡುತ್ತ ಮಾಡುತ್ತ ಪರದೆಯ ಬಲದಂಡೆ ಹತ್ತಿರವಾಯಿತೆಂದು ಕಂಡ ಕೂಡಲೇ ಎಂಟರ್ ಒತ್ತುತ್ತಾರೆ. ಪದ ತುಂಬಿದ ಸಾಲು ತನ್ನಷ್ಟಕ್ಕೆ ಕೆಳಗೆ ಇಳಿಯುತ್ತದೆ ಎಂಬ ಮಾತನ್ನು ಅವರು ಕೇಳದವರಲ್ಲ, ನಂಬದವರು. ‘ಅದು ತನ್ನಷ್ಟಕ್ಕೆ ಹೋಗ್ತದೆ ಅಂತ ಬಿಟ್ಟು ಕೂತರೆ ಆಯ್ತಾ ಮಾರಾಯ್ರೆ?’ ಎಂಬ ಪ್ರಶ್ನೆಯಲ್ಲಿ ಮಕ್ಕಳನ್ನು ಬೆಳೆಸಿದ, ತೋಟಕ್ಕೆ ನೀರು ಬಿಟ್ಟ, ಸೊಸೈಟಿ ಸಾಲ ತೀರಿಸಿದ ಅನುಭವವೆಲ್ಲ ಕೂಡಿರುತ್ತದೆ. ನಕ್ಕುಬಿಡುವುದು ಸುಲಭ. ಆದರೆ ಮಾಸ್ಟ್ರು ಅಜ್ಞಾನಿ ಅಲ್ಲ ಎಂಬುದೇ ನನ್ನ ವಾದ. ಅವರು ಬೇರೊಂದು ತಪ್ಪು ಮಾಡುತ್ತಿದ್ದಾರೆ, ಅದು ಅಜ್ಞಾನಕ್ಕಿಂತ ಸ್ವಾರಸ್ಯದ್ದು. ಕನ್ನಡದಲ್ಲಿ ಬರಹದ ಸಾಲಿಗೂ ನೇಗಿಲ ಸಾಲಿಗೂ ಒಂದೇ ಮಾತು. ಉಳುವವನು ಬದು ಬಂದಲ್ಲಿ ಎತ್ತು ತಿರುಗಿಸುತ್ತಾನೆ. ಎಲ್ಲಿ ತಿರುಗಬೇಕು ಎಂಬುದು ಗದ್ದೆಯ ಅಗಲಕ್ಕೆ ಸೇರಿದ ವಿಷಯ, ಉಳುವವನ ಅಭಿಪ್ರಾಯಕ್ಕೆ ಸೇರಿದ್ದಲ್ಲ. ಯಾವ ಬೆಳೆ ಎಲ್ಲಿ ಮುಗಿಯಬೇಕು, ಮುಂದಿನ ಗದ್ದೆ ಎಲ್ಲಿ ಶುರುವಾಗಬೇಕು ಎಂಬುದು ಮಾತ್ರ ಅವನದ್ದು. ಬರಹದಲ್ಲಿಯೂ ಹಾಗೆಯೇ: ಪ್ಯಾರಾ ಬರೆಯುವವನ ತೀರ್ಮಾನ, ಸಾಲು ಕಾಗದದ ತೀರ್ಮಾನ. ಎಂಟರ್ ಮಾಸ್ಟ್ರು ತಮ್ಮ ಬದುವನ್ನು ಕಿಸೆಯಲ್ಲಿ ಹೊತ್ತು ತಂದು ಪ್ರತಿ ಸಾಲಿನ ತುದಿಗೂ ಕಟ್ಟುತ್ತ ಹೋಗುತ್ತಾರೆ. ಗದ್ದೆ ಇದ್ದಷ್ಟೇ ಅಗಲ ಇರುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಗದ್ದೆ ಒಂದು ಗೇಣು ಹಿಗ್ಗಿದ ದಿನ ಬದು ನಡುಗದ್ದೆಯಲ್ಲಿ ನಿಂತಿರುತ್ತದೆ.

ಹಿಗ್ಗುವುದಕ್ಕೆ, ಕುಗ್ಗುವುದಕ್ಕೆ ಸಂದರ್ಭಗಳಿಗೇನೂ ಕೊರತೆ ಇಲ್ಲ. ಈ ಊರಿನಲ್ಲಿ ಯಾವ ದಸ್ತಾವೇಜನ್ನೂ ಮೊದಲಿನಿಂದ ಟೈಪು ಮಾಡುವ ಪದ್ಧತಿಯಿಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಹೋದ ವರ್ಷದ ಕ್ರಯಪತ್ರ ತೆರೆದು, ಹೆಸರು, ಸರ್ವೆ ನಂಬ್ರ, ಮೊಬಲಗು ಬದಲಿಸಿದರೆ ಈ ವರ್ಷದ ಕ್ರಯಪತ್ರ. ಹೋದ ವರ್ಷ ಕೊಂಡುಕೊಂಡವರ ಹೆಸರು ‘ರೈ’ಯಲ್ಲಿ ಮುಗಿದಿತ್ತು, ಈ ವರ್ಷ ‘ಫೆರ್ನಾಂಡಿಸ್’ನಲ್ಲಿ ಮುಗಿಯುತ್ತದೆ ಎನ್ನಿ. ಒಂದಕ್ಷರದ ಜಾಗದಲ್ಲಿ ನಾಲ್ಕಕ್ಷರ ಕೂತಿತು. ಸಾಲಿನ ಕೊನೆಯ ಪದ ಹಿಡಿಸಲಾರದೆ ಕೆಳಗೆ ಬಿತ್ತು. ಅದರ ಹಿಂದೆಯೇ ಹಳೆಯ ಎಂಟರ್ ಇರುವುದರಿಂದ ಆ ಪದ ಒಂದಿಡೀ ಸಾಲನ್ನು ಒಂಟಿಯಾಗಿ ಆಳಿತು. ಮಾಸ್ಟ್ರು ಎದೆಗುಂದುವುದಿಲ್ಲ. ಆ ಎಂಟರ್ ಅಳಿಸಿ ಒಂಟಿ ಪದವನ್ನು ಮುಂದಿನ ಸಾಲಿಗೆ ಸೇರಿಸುತ್ತಾರೆ. ಆಗ ಆ ಸಾಲಿನ ಕೊನೆಯ ಪದ ಬೀಳುತ್ತದೆ. ಅದನ್ನು ಅದರ ಮುಂದಿನದಕ್ಕೆ ಸೇರಿಸುತ್ತಾರೆ. ಹೀಗೆ ಪ್ಯಾರಾದ ಬುಡದವರೆಗೆ ಇಳಿದು ಬರುವಾಗ ಚಹಾ ತಣ್ಣಗಾಗಿರುತ್ತದೆ. ಯಂತ್ರ ಕಣ್ಣೆವೆ ಮುಚ್ಚುವುದರೊಳಗೆ ಮಾಡುವ ಕೆಲಸವನ್ನೇ ಅವರು ಕೈಯಿಂದ ಮಾಡಿ ಮುಗಿಸಿರುತ್ತಾರೆ. ಯಂತ್ರವನ್ನು ನಂಬದವರು ಕೊನೆಗೆ ತಾವೇ ಯಂತ್ರವಾಗಿರುತ್ತಾರೆ. ಗಿರಾಕಿ ಅಷ್ಟರಲ್ಲಿ ‘ತಂದೆಯ ಹೆಸರೂ ಹಾಕ್ಬೇಕಿತ್ತು’ ಅಂದರೆ ಮತ್ತೆ ಮೊದಲ ಸಾಲಿನಿಂದ ಶುರು.

ಕಾಗದವೂ ಸುಮ್ಮನಿರುವುದಿಲ್ಲ. ಹಿಂದೆ ಕೋರ್ಟಿನ ವ್ಯವಹಾರವೆಲ್ಲ ಲೀಗಲ್ ಅಳತೆಯ ಉದ್ದ ಹಾಳೆಯಲ್ಲಿ ನಡೆಯುತ್ತಿತ್ತು: ಅಗಲ 216 ಮಿಲಿಮೀಟರ್, ಉದ್ದ 356. ಎ4 ಹಾಳೆಯ ಅಗಲ 210, ಉದ್ದ 297. ಉದ್ದ ಕಡಿಮೆಯಾದರೆ ಮಾಸ್ಟ್ರಿಗೆ ತೊಂದರೆಯಿಲ್ಲ, ಪುಟ ಹೆಚ್ಚಾಗುತ್ತದೆ, ಪುಟಕ್ಕೆ ಇಷ್ಟೆಂದು ಲೆಕ್ಕ ಹಾಕುವವರಿಗೆ ಅದು ಸಂತೋಷದ ಸುದ್ದಿ. ಮಂಡೆಬಿಸಿ ಇರುವುದು ಅಗಲದಲ್ಲಿ ಹೋದ ಆರು ಮಿಲಿಮೀಟರಿನಲ್ಲಿ. ಜತೆಗೆ 2020ರಲ್ಲಿ ಸುಪ್ರೀಂ ಕೋರ್ಟ್ ತನ್ನಲ್ಲಿ ಸಲ್ಲಿಸುವ ಕಾಗದಗಳಿಗೆ ಎ4 ಹಾಳೆ, 14 ಅಳತೆಯ ಅಕ್ಷರ, ಸಾಲಿನ ನಡುವೆ ಒಂದೂವರೆ ಪಾಲು ಅಂತರ, ಎಡಕ್ಕೂ ಬಲಕ್ಕೂ ನಾಲ್ಕು ನಾಲ್ಕು ಸೆಂಟಿಮೀಟರ್ ಅಂಚು ಎಂದು ನಿಗದಿ ಮಾಡಿತು. ಬರಹಕ್ಕೆ ಉಳಿದ ಅಗಲ ಹದಿಮೂರು ಸೆಂಟಿಮೀಟರ್. ಉದ್ದ ಹಾಳೆಗೆ ಅಳೆದು ಎಂಟರ್ ಹೊಡೆದಿಟ್ಟ ಹಳೆಯ ಮಾದರಿಯನ್ನು ಇಂಥ ಅಂಚಿನೊಳಗೆ ಸುರಿದರೆ ಒಂದು ತುಂಬು ಸಾಲು, ಒಂದು ಮೋಟು ಸಾಲು, ಮತ್ತೊಂದು ತುಂಬು, ಮತ್ತೊಂದು ಮೋಟು ಎಂದು ಹಲ್ಲುದುರಿದ ಬಾಚಣಿಗೆಯಂತೆ ಪುಟ ನಿಲ್ಲುತ್ತದೆ. ಅದೇ ಬರಹ ವಾಟ್ಸ್ಆ್ಯಪ್ ಮೂಲಕ ಫೋನಿನ ಪರದೆಗೆ ಹೋದರೆ ಬಾಚಣಿಗೆಯೂ ಉಳಿಯುವುದಿಲ್ಲ. ಊರ ಜಾತ್ರೆಯ ಆಮಂತ್ರಣ ಆಧುನಿಕ ಕವಿತೆಯ ರೂಪ ತಾಳುತ್ತದೆ: ‘ಭಗವದ್ಭಕ್ತರು ಸಕಾಲದಲ್ಲಿ’ ಒಂದು ಸಾಲು, ‘ಆಗಮಿಸಿ’ ಎಂಬುದೇ ಒಂದು ಸಾಲು, ‘ಶ್ರೀ ದೇವರ ಪ್ರಸಾದ’ ಮತ್ತೊಂದು ಸಾಲು, ಆಮೇಲೆ ಸ್ವೀಕರಿಸಬೇಕಾದ ಭಾರವೆಲ್ಲ ಮುಂದಿನ ಸಾಲಿಗೆ. ನವ್ಯರು ಇದಕ್ಕಾಗಿ ಎಷ್ಟು ಕಷ್ಟಪಟ್ಟಿದ್ದರು!

ಇಲ್ಲಿ ಮಾಸ್ಟ್ರ ಪರ ವಕೀಲರು ಎದ್ದು ನಿಲ್ಲುತ್ತಾರೆ. ಕೊಡಿಯಾಲ್‌ಬೈಲಿನಲ್ಲಿ ವಕೀಲರಿಗೆ ಬರವಿಲ್ಲ. ‘ಕಾಗದದ ಮೇಲೆ ಸರಿಯಾಗಿ ಬಂದಿದೆಯೋ ಇಲ್ಲವೋ? ಸಹಿ ಬಿತ್ತೋ ಇಲ್ಲವೋ? ಕಂಪ್ಯೂಟರಿನ ಒಳಗೆ ಎಂಟರ್ ಇದ್ದರೇನು, ಇಲ್ಲದಿದ್ದರೇನು?’ ಇದು ಸಣ್ಣ ವಾದವಲ್ಲ. ಕೆಲಸ ಕಾಗದದಲ್ಲಿ ಮುಗಿಯುತ್ತಿದ್ದ ಕಾಲದ ಮಟ್ಟಿಗೆ ಪೂರ್ತಿ ಸರಿ. ಟೈಪ್‌ರೈಟರಿನಲ್ಲಿ ಹೊಡೆದದ್ದು ಹೊಡೆದ ಹಾಗೇ ಇರುತ್ತಿತ್ತು. ಅದನ್ನು ಮತ್ತೆ ತೆರೆದು, ಹೆಸರು ಬದಲಿಸಿ, ಅಕ್ಷರ ದೊಡ್ಡದು ಮಾಡುವ ಪ್ರಶ್ನೆಯೇ ಇರಲಿಲ್ಲ. ಆದರೆ ಮಾಸ್ಟ್ರ ಅಂಗಡಿಯ ನಿಜವಾದ ಆಸ್ತಿ ಕಾಗದದಲ್ಲಿಲ್ಲ, ‘ಕ್ರಯಪತ್ರ ಹೊಸದು’, ‘ಕ್ರಯಪತ್ರ ಹೊಸದು ಫೈನಲ್’, ‘ಕ್ರಯಪತ್ರ ಫೈನಲ್ ಸರಿಯಾದದ್ದು’ ಎಂಬ ಕಡತಗಳಲ್ಲಿದೆ. ಸಹಿ ಬಿದ್ದ ಕಾಗದ ಗಿರಾಕಿಯ ಕಪಾಟಿಗೆ ಹೋಗುತ್ತದೆ. ಎಂಟರುಗಳು ಅಂಗಡಿಯಲ್ಲೇ ಉಳಿದು ಬಡ್ಡಿ ಬೆಳೆಸುತ್ತವೆ. ಆ ಬಡ್ಡಿಯನ್ನು ಮುಂದಿನ ಗಿರಾಕಿಯ ಕೆಲಸದಲ್ಲಿ ತೀರಿಸುವವರೂ ಸ್ವತಃ ಮಾಸ್ಟ್ರೇ.

ಅವರಿಗೆ ಈ ಅಭ್ಯಾಸ ಎಲ್ಲಿಂದ ಬಂತು ಎಂದು ನೋಡಿದರೆ ಊರಿನ ಅಚ್ಚಿನ ಚರಿತ್ರೆಯೇ ಕಾಣುತ್ತದೆ. ಓಲೆಗರಿಯ ಲಿಪಿಕಾರನಿಗೆ ಸಾಲಿನ ಚಿಂತೆ ಇರಲಿಲ್ಲ. ಗರಿ ಮುಗಿದಲ್ಲಿ ಸಾಲು ಮುಗಿಯಿತು, ಪದ ಅರ್ಧವಾದರೆ ಅರ್ಧ; ದಾರ ಪೋಣಿಸುವ ತೂತು ಎದುರಾದರೆ ಸುತ್ತ ಜಾಗ ಬಿಟ್ಟು ಆಚೆ ದಾಟಿದರಾಯಿತು. ಶಾಸನ ಕೊರೆದವನದ್ದೂ ಅದೇ ಧೋರಣೆ. ಅಂದರೆ ತನ್ನಷ್ಟಕ್ಕೆ ತಿರುಗುವ ಸಾಲು ಕಂಪ್ಯೂಟರಿನ ಹೊಸ ಸೊಕ್ಕಲ್ಲ, ನಮ್ಮ ಅಜ್ಜಂದಿರ ಹಳೆಯ ನೆಮ್ಮದಿ. ಸಾಲಿನ ತುದಿಗೆ ಕಾವಲುಗಾರ ಬಂದದ್ದು ಮುದ್ರಣದ ಜತೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಇದೇ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದಾಗ ಅದು ಕಲ್ಲಚ್ಚಿನದ್ದು. ಕೈಬರಹವೇ ಅಚ್ಚಾಗುತ್ತಿದ್ದ ಕಾರಣ ಪ್ರತಿ ಸಾಲನ್ನೂ ಒಬ್ಬ ಮನುಷ್ಯ ಕಣ್ಣಳತೆಯಲ್ಲಿ ತಿರುಗಿಸಬೇಕಿತ್ತು. ಆಮೇಲೆ ಮೊಳೆ ಬಂತು. ಕಂಪೋಸಿಟರ್ ಎಡಗೈಯಲ್ಲಿ ಕಂಪೋಸಿಂಗ್ ಸ್ಟಿಕ್ ಹಿಡಿದು, ನೂರಾರು ಖಾನೆಗಳಿಂದ ಒಂದೊಂದೇ ಮೊಳೆ ಹೆಕ್ಕಿ, ಸಾಲು ತುಂಬುತ್ತ ಬಂದಾಗ ಕೊನೆಯ ಪದ ಹಿಡಿಸುತ್ತದೋ ಇಲ್ಲವೋ ಎಂದು ನೋಡಿ, ಹಿಡಿಸದಿದ್ದರೆ ಪದಗಳ ನಡುವೆ ಸೀಸದ ತೆಳು ಚಕ್ಕೆ ತುರುಕಿ ಸಾಲನ್ನು ಬಿಗಿ ಮಾಡುತ್ತಿದ್ದ. ಸಾಲು ಸಡಿಲವಾದರೆ ಫಾರಂ ಎತ್ತುವಾಗ ಮೊಳೆಗಳೆಲ್ಲ ನೆಲಕ್ಕೆ ಸುರಿಯುತ್ತಿದ್ದವು. ಆಗ ‘ಇರಲಿ, ತನ್ನಷ್ಟಕ್ಕೆ ಸರಿಯಾಗ್ತದೆ’ ಎಂದವನ ಸಂಬಳವೂ ಅಲ್ಲೇ ಸುರಿಯುತ್ತಿತ್ತು. ಬಾಸೆಲ್ ಮಿಷನ್ನಿನ ಅಚ್ಚುಕೂಟ, ಜೆಸ್ವಿತ ಪಾದ್ರಿಗಳ ಕೊಡಿಯಾಲ್‌ಬೈಲ್ ಪ್ರೆಸ್ ಇದ್ದ ಊರು ಇದು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಇಲ್ಲಿ. 1938ರಿಂದ ಬರುತ್ತಿರುವ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ ಕನ್ನಡ ಲಿಪಿಯ ಸಾಲುಗಳಲ್ಲೇ ಸಾಗುತ್ತ ಬಂದದ್ದೂ ಇಲ್ಲಿ. ಸಾಲು ಕಾಯುವುದು ಈ ಊರಿನಲ್ಲಿ ಹೊಟ್ಟೆಪಾಡಷ್ಟೇ ಅಲ್ಲ, ಮರ್ಯಾದೆಯ ವಿಷಯವಾಗಿತ್ತು.

ಅದರ ಮೇಲೆ ಟೈಪ್‌ರೈಟರ್ ಬಂತು. ಸಾಲಿನ ತುದಿಗೆ ಇನ್ನು ಕೆಲವೇ ಅಕ್ಷರ ಇದೆ ಎನ್ನುವಾಗ ಟಿಂಗ್ ಎಂದು ಗಂಟೆ. ಕೂಡಲೇ ಎಡಗೈ ಸನ್ನೆ ಹಿಡಿದು ಗಾಡಿಯನ್ನು ಬಲಕ್ಕೆ ತಳ್ಳಬೇಕು, ಕಾಗದ ಒಂದು ಸಾಲು ಮೇಲೇರಬೇಕು. ಗಂಟೆ ಕೇಳಿಯೂ ತಳ್ಳದವನ ಅಕ್ಷರಗಳು ಅಂಚಿಗೆ ಬಂದು ತಡೆದು ನಿಲ್ಲುತ್ತಿದ್ದವು. ಕಂಪ್ಯೂಟರಿನ ಎಂಟರ್ ಆ ಸನ್ನೆಯ ಮೊಮ್ಮಗ. ವಂಶಾವಳಿ ಇನ್ನೂ ಒಳಗೆ ಉಳಿದಿದೆ: ಗಾಡಿ ಹಿಂದಕ್ಕೆ ತಳ್ಳುವುದಕ್ಕೆ 13 ಎಂಬ ಸಂಕೇತ, ಕಾಗದ ಮೇಲೇರಿಸುವುದಕ್ಕೆ 10 ಎಂಬ ಸಂಕೇತ. ವಿಂಡೋಸ್ ಇಂದಿಗೂ ಪ್ರತಿ ಎಂಟರಿಗೆ ಎರಡನ್ನೂ ಬರೆಯುತ್ತದೆ, ಲಿನಕ್ಸ್ ಹತ್ತಕ್ಕೆ ನಿಲ್ಲಿಸುತ್ತದೆ. ಗಾಡಿಯೂ ಇಲ್ಲ, ರೋಲರೂ ಇಲ್ಲ, ಸಂಕೇತ ಮಾತ್ರ ಇದೆ. ಕೊಡಿಯಾಲ್‌ಬೈಲಿನವರಿಗೆ ಇದರಲ್ಲಿ ವಿಚಿತ್ರ ಕಾಣಬಾರದು. 1941ರಲ್ಲಿ ಶುರುವಾದ ‘ನವಭಾರತ’ ಪತ್ರಿಕೆ ನಿಂತು ಎಷ್ಟೋ ಕಾಲವಾದರೂ ನವಭಾರತ ವೃತ್ತವನ್ನು ಬಸ್ಸುಗಳು ಈಗಲೂ ಸುತ್ತುತ್ತವೆ. ಮಾಸ್ಟ್ರ ಕಿವಿಯಲ್ಲೂ ಆ ಟಿಂಗ್ ಹಾಗೆಯೇ ಸುತ್ತುತ್ತಿದೆ.

ಅವರ ಅಪನಂಬಿಕೆಗೆ ಇದಕ್ಕಿಂತ ಹತ್ತಿರದ ಕಾರಣ ಒಂದಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪಿಸಿದ ಕನ್ನಡ ಕಣ್ಣಿಗೆ ಮಾತ್ರ ಕನ್ನಡವಾಗಿತ್ತು. ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸಿದ ವ್ಯವಸ್ಥೆ ಅದು. ‘ಕನ್ನಡ’ ಎಂಬ ಮೂರಕ್ಷರ ಯಂತ್ರದ ಲೆಕ್ಕದಲ್ಲಿ ಏಳು ಗುರುತು: ತಲೆಕಟ್ಟುಗಳೆಲ್ಲ ಫ್ರೆಂಚರ ಗೀಟು ಹೊತ್ತ ಎ, ನಕಾರ ಇಂಗ್ಲಿಷರ ಪೌಂಡು, ಅದರ ಒತ್ತು ಜರ್ಮನರ ಜೋಡಿ ಎಸ್ಸು. ಬರೀ ‘ಬ’ ಬರೆದರೆ ಕಾನೂನು ಪುಸ್ತಕಗಳ ಸೆಕ್ಷನ್ ಚಿಹ್ನೆ. ಕೋರ್ಟು ಪಕ್ಕದ ಊರಿಗೆ ಅದಾದರೂ ಒಪ್ಪುತ್ತಿತ್ತು. ಇಂಥ ಬರಹವನ್ನು ಇಂಗ್ಲಿಷೆಂದೇ ತಿಳಿದ ವರ್ಡ್ ತಂತ್ರಾಂಶ ತನ್ನ ಸಭ್ಯತೆ ಮೆರೆಯುತ್ತಿತ್ತು. ವಾಕ್ಯದ ಮೊದಲಕ್ಷರ ದೊಡ್ಡದಿರಬೇಕಲ್ಲ? ಡಕಾರ ಅದರ ಪಾಲಿಗೆ ಸಣ್ಣ ಕ್ಯೂ. ಅದನ್ನು ದೊಡ್ಡ ಕ್ಯೂ ಮಾಡಿದರೆ ಪರದೆಯಲ್ಲಿ ‘ಕಿ’ ಪ್ರತ್ಯಕ್ಷ. ತನ್ನಷ್ಟಕ್ಕೆ ಡ ಹೋಗಿ ಕಿ ಆಗುವುದನ್ನು ಕಂಡವರು ‘ತನ್ನಷ್ಟಕ್ಕೆ’ ಎಂಬ ಪದವನ್ನೇ ನಂಬದಿದ್ದರೆ ತಪ್ಪೇನು? ಆದರೆ ತಮಾಷೆ ಇರುವುದು ಇದರ ಮುಂದಿನ ಮೆಟ್ಟಿಲಲ್ಲಿ. ಎಂಟರ್ ಒತ್ತಿದರೆ ವರ್ಡ್ ಅದನ್ನು ಹೊಸ ಪ್ಯಾರಾ ಎಂದುಕೊಳ್ಳುತ್ತದೆ. ಹೊಸ ಪ್ಯಾರಾ ಎಂದರೆ ಹೊಸ ವಾಕ್ಯ, ಹೊಸ ವಾಕ್ಯ ಎಂದರೆ ದೊಡ್ಡಕ್ಷರ. ಸಾಲುಸಾಲಿಗೆ ಎಂಟರ್ ಹೊಡೆದವರಿಗೆ ಸಾಲುಸಾಲಿಗೂ ಈ ಕಾಟದ ಅವಕಾಶ. ಕಾಟ ಹೆಚ್ಚಿದಷ್ಟು ಅಪನಂಬಿಕೆ, ಅಪನಂಬಿಕೆ ಹೆಚ್ಚಿದಷ್ಟು ಎಂಟರ್. ದೆವ್ವಕ್ಕೆ ಹೆದರಿ ರಾತ್ರಿಯಿಡೀ ಬಾಗಿಲು ಬಡಿಯುತ್ತ, ಆ ಸದ್ದನ್ನೇ ದೆವ್ವವೆಂದು ತಿಳಿದಂತೆ.

ಮಾಸ್ಟ್ರು ಎಲ್ಲದರಲ್ಲೂ ಯಂತ್ರವನ್ನು ಶಂಕಿಸುವವರಾಗಿದ್ದರೆ ಅವರ ತತ್ವಕ್ಕೆ ಕೈಮುಗಿಯಬಹುದಿತ್ತು. ಹಾಗಿಲ್ಲ. ಅವರ ಬೆರಳಿಗೆ ಅಂಟಿದ ಕೀಲಿಮಣೆ ವಿನ್ಯಾಸ ರೂಪಿಸಿದವರು ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾಯರು. ಅಕ್ಷರದ ಆಕಾರ ನೆನಪಿಟ್ಟುಕೊಳ್ಳಬೇಡಿ, ಉಚ್ಚಾರಣೆಯ ಕ್ರಮದಲ್ಲಿ ವ್ಯಂಜನ ಸ್ವರ ಒತ್ತಿ, ರೂಪ ಕಟ್ಟುವುದು ಯಂತ್ರದ ಕೆಲಸ ಎಂಬುದು ಅದರ ತಿರುಳು. ‘ಸ್ತ್ರೀ’ ಎಂದು ಬರೆಯುವಾಗ ಮಾಸ್ಟ್ರು ಸ ಒತ್ತಿ, ಎಫ್ ಒತ್ತಿ, ತ ಒತ್ತಿ, ಮತ್ತೆ ಎಫ್ ಒತ್ತಿ, ರ ಒತ್ತಿ ದೀರ್ಘ ಕೊಡುತ್ತಾರೆ. ತ ಎಲ್ಲಿ ಜೋತುಬೀಳಬೇಕು, ರ ಎಲ್ಲಿ ಸುತ್ತಿಕೊಳ್ಳಬೇಕು ಎಂದು ಒಂದು ಕ್ಷಣವೂ ಚಿಂತಿಸುವುದಿಲ್ಲ. ಕಂಪೋಸಿಟರುಗಳ ಕಣ್ಣು ಕೆಡಿಸಿದ ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ ನಿಶ್ಚಿಂತರಾದವರು ಸಾಲು ತಿರುಗಿಸುವ ಸಣ್ಣ ಕೆಲಸವನ್ನು ಮಾತ್ರ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಾರೆ. ಮಗಳ ಮದುವೆಯನ್ನು ಮಧ್ಯವರ್ತಿಗೆ ಬಿಟ್ಟು ಊಟದ ಎಲೆ ಮಾತ್ರ ತಾವೇ ಎಣಿಸುವ ಯಜಮಾನರ ಹಾಗೆ.

ಇಷ್ಟು ಓದಿ ಮುಸಿಮುಸಿ ನಗುವವರು ಕೊಟ್ಟಾರದಲ್ಲೋ ಮುಡಿಪುವಿನಲ್ಲೋ ಕೋಡ್ ಬರೆಯುವ ಹುಡುಗ ಹುಡುಗಿಯರು. ಅವರು ನಗುವ ಮೊದಲು ತಮ್ಮ ಪರದೆಯ ಬಲಗಡೆ ಎಂಬತ್ತನೆಯ ಅಕ್ಷರದ ಬಳಿ ಎಳೆದುಕೊಂಡ ಗೆರೆ ನೋಡಬೇಕು. ಐಬಿಎಂ 1928ರಲ್ಲಿ ತೂತು ಹೊಡೆಯುವ ಕಾರ್ಡಿಗೆ 80 ಕಾಲಮು ಇಟ್ಟಿತು. ಕಾರ್ಡು ಹೋಯಿತು, ಅದೇ ಅಗಲದ ಹಸಿರು ಪರದೆಗಳು ಬಂದು ಹೋದವು, 80 ಉಳಿಯಿತು. ಮಾಸ್ಟ್ರು ತಮ್ಮ ತಲೆಮಾರಿನ ಟಿಂಗಿಗೆ ಎಂಟರ್ ಹೊಡೆದರೆ ಇವರು ಮುತ್ತಜ್ಜನ ರಟ್ಟಿನ ಕಾರ್ಡಿಗೆ ಹೊಡೆಯುತ್ತಾರೆ. ‘ನಮ್ಮದಕ್ಕೆ ಕಾರಣ ಉಂಟು, ಎರಡು ಆವೃತ್ತಿ ಹೋಲಿಸುವ ಸಾಧನಗಳು ಸಾಲಿನ ಲೆಕ್ಕದಲ್ಲೇ ಹೋಲಿಸುತ್ತವೆ’ ಎಂದರೆ ಒಪ್ಪಬೇಕು. ಕೋಡಿನಲ್ಲಿ ಸಾಲಿಗೆ ನಿಜವಾಗಿಯೂ ಅರ್ಥವಿದೆ. ಅವರ ಸಂಪಾದಕ ತಂತ್ರಾಂಶಗಳು ಸಾಲು ಮಡಚುವುದು, ಸಾಲು ಮುರಿಯುವುದು ಎರಡನ್ನೂ ಬೇರೆ ಬೇರೆ ಇಟ್ಟಿವೆ ಎಂಬುದೂ ನಿಜ. ವಿಮ್‌ನಲ್ಲಿ ‘ರ‍್ಯಾಪ್’ ಎಂಬ ಆಯ್ಕೆ ಕಡತವನ್ನು ಮುಟ್ಟದೆ ಪರದೆಯಲ್ಲಿ ಮಾತ್ರ ಸಾಲು ಮಡಚಿ ತೋರಿಸುತ್ತದೆ, ‘ಟೆಕ್ಸ್ಟ್‌ವಿಡ್ತ್’ ನಿಜವಾದ ಎಂಟರನ್ನೇ ತಂದು ಕೂರಿಸುತ್ತದೆ. ಇಮ್ಯಾಕ್ಸ್‌ನಲ್ಲಿ ವಿಶುವಲ್ ಲೈನ್ ಒಂದು, ಆಟೋ ಫಿಲ್ ಇನ್ನೊಂದು. ಒಂದು ಬಟ್ಟೆ ಮಡಚುವುದು, ಇನ್ನೊಂದು ಕತ್ತರಿಸುವುದು. ಮಾಸ್ಟ್ರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಲಿಲ್ಲ, ಅವರು ಕತ್ತರಿ ಹಿಡಿದೇ ಮಡಚುತ್ತಿದ್ದಾರೆ.

ಗಟ್ಟಿಯಾದ ಆಕ್ಷೇಪಣೆ ಬರಬೇಕಾದದ್ದು ಕನ್ನಡದಿಂದ. ಇಂಗ್ಲಿಷಿನ ಪದಗಳು ಸಣ್ಣ ಕಲ್ಲು. ಎಲ್ಲಿ ಬೇಕಾದರೂ ತುಂಬಿಸಬಹುದು. ನಮ್ಮ ಪದಗಳು ಬೋಗಿಗೆ ಬೋಗಿ ಕೊಂಡಿ ಹಾಕಿದ ರೈಲು. ಅದರಲ್ಲೂ ದಸ್ತಾವೇಜಿನ ಕನ್ನಡದಲ್ಲಿ ‘ಅನುಭವಿಸಿಕೊಂಡುಬರತಕ್ಕದ್ದಾಗಿರುತ್ತದೆ’ ಎಂಬುದು ಒಂದು ಕ್ರಿಯಾಪದ. ಇದು ಸಾಲಿನ ತುದಿಯಲ್ಲಿ ಎದುರಾದರೆ ತನ್ನಷ್ಟಕ್ಕೆ ಸಾಲು ತಿರುಗಿಸುವ ಯಂತ್ರ ಖಾಲಿ ಜಾಗ ಸಿಗುವ ತನಕ ಹಿಂದೆ ಸರಿದು, ಇಡೀ ರೈಲನ್ನು ಕೆಳಗಿನ ಹಳಿಗೆ ಇಳಿಸುತ್ತದೆ. ಮೇಲಿನ ಸಾಲು ಅರ್ಧ ಬೋಳು. ಎರಡೂ ಅಂಚು ಸಮ ಮಾಡಿ ಎಂದರೆ ಉಳಿದ ಮೂರು ಪದಗಳನ್ನು ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ದೂರ ದೂರ ಕೂರಿಸುತ್ತದೆ. ಮಾಸ್ಟ್ರಾದರೋ ‘ಅನುಭವಿಸಿಕೊಂಡು’ವಿನ ಬಳಿ ಕೊಯ್ದು ಅಡ್ಡಗೆರೆ ಹಾಕಿ ಚಂದವಾಗಿ ಕೂಡಿಸುತ್ತಾರೆ, ಯಾಕೆಂದರೆ ಅವರಿಗೆ ಪದದ ಗಂಟು ಎಲ್ಲಿದೆಯೆಂದು ಗೊತ್ತು. ಈ ಒಂದು ಅಂಶದಲ್ಲಿ ಮನುಷ್ಯನೇ ಮೇಲು ಎಂದು ಬರೆದುಕೊಡಲು ಅಡ್ಡಿಯಿಲ್ಲ. ಆದರೆ ಆ ಜಾಣತನವನ್ನೂ ಕಡತದಲ್ಲಿ ಕಲ್ಲಿನಂತೆ ನೆಡಬೇಕಾಗಿಲ್ಲ. ವರ್ಡಿನಲ್ಲಿ ಕಂಟ್ರೋಲ್ ಹಿಡಿದು ಅಡ್ಡಗೆರೆ ಒತ್ತಿದರೆ ಅದು ಸಾಲಿನ ತುದಿಗೆ ಬಂದಾಗ ಮಾತ್ರ ಕಾಣಿಸುವ ಗೆರೆ. ಪದ ಸಾಲಿನ ನಡುವೆ ಬಂದರೆ ಮಾಯ. ಮಾಸ್ಟ್ರು ಹಾಕುವುದು ಮಾಯವಾಗದ ಗೆರೆ. ಮುಂದಿನ ವರ್ಷ ಅದೇ ಪದ ನಡುಸಾಲಿಗೆ ಬಂದು ‘ಅನುಭವಿಸಿಕೊಂಡು-ಬರತಕ್ಕದ್ದು’ ಎಂದು, ಮದುವೆ ಮುಗಿದು ತಿಂಗಳಾದರೂ ಕಳಚದ ಚಪ್ಪರದ ಕಂಬದಂತೆ ನಿಂತಿರುತ್ತದೆ.

ಕವಿಗಳು, ಭಾಗವತರು ಕೈಯೆತ್ತುವುದು ಕಾಣುತ್ತಿದೆ. ಪದ್ಯದ ಪಾದ ಮುಗಿಯುವಲ್ಲಿ, ಲಕೋಟೆಯ ವಿಳಾಸದಲ್ಲಿ, ಆಮಂತ್ರಣದ ಕೆಳಗೆ ಹೆಸರುಗಳ ಪಟ್ಟಿಯಲ್ಲಿ ಎಂಟರ್ ಬೇಕೇ ಬೇಕು. ಅಲ್ಲಿ ಸಾಲು ಕಾಗದದ್ದಲ್ಲ, ಬರೆದವನದ್ದು. ಆದರೂ ಹಳೆಯ ಕವಿಗಳು ಅದಕ್ಕೂ ಎಂಟರನ್ನು ನೆಚ್ಚಿಕೊಂಡಿರಲಿಲ್ಲ. ಓಲೆಗರಿಯಲ್ಲಿ ಪದ್ಯವನ್ನೂ ಗದ್ಯದ ಹಾಗೆ ಎಳೆದು ಬರೆಯುವ ರೂಢಿಯಿತ್ತು. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಮರಳಿ ಬರುವ ಆದಿಪ್ರಾಸ ಇತ್ತಲ್ಲ, ಅದು ಕೇಳಿದ ಕೂಡಲೇ ಓದುವವನ ಕಿವಿ ‘ಇಲ್ಲಿಂದ ಹೊಸ ಸಾಲು’ ಎಂದು ಹೇಳುತ್ತಿತ್ತು. ಗರಿ ಎಲ್ಲಿ ಬೇಕಾದರೂ ಮುರಿಯಲಿ, ಪಾದ ಮುರಿಯುತ್ತಿರಲಿಲ್ಲ. ಎಂಟರನ್ನು ಕಾಗದದ ತುದಿಗೆ ಕಟ್ಟದೆ ಮಾತಿನ ಒಳಗೇ ಅಡಗಿಸಿಟ್ಟವರು ಅವರು.

ಮದ್ದು ಹೇಳದೆ ರೋಗ ಹೇಳಿದರೆ ಬೈಸಿಕೊಳ್ಳಬೇಕಾದೀತು. ನೋಟ್‌ಪ್ಯಾಡಿನಲ್ಲಾದರೆ ವರ್ಡ್ ರ‍್ಯಾಪ್ ಎಂಬುದಕ್ಕೆ ಗುರುತು ಹಾಕಿದರೆ ಮುಗಿಯಿತು. ಹಳೆಯದರಲ್ಲಿ ಅದು ಫಾರ್ಮ್ಯಾಟ್ ಪಟ್ಟಿಯಲ್ಲಿರುತ್ತದೆ, ಹೊಸದರಲ್ಲಿ ವ್ಯೂ ಪಟ್ಟಿಯಲ್ಲಿ. ವಿಶುವಲ್ ಸ್ಟುಡಿಯೋ ಕೋಡಿನಲ್ಲಿ ಆಲ್ಟ್ ಹಿಡಿದು ಜೆಡ್. ವರ್ಡಿನಲ್ಲಿ ಏನೂ ಮಾಡಬೇಕಾಗಿಲ್ಲ, ಅದು ಹುಟ್ಟುವಾಗಲೇ ಸಾಲು ತಿರುಗಿಸಲು ಕಲಿತದ್ದು. ಸುಮ್ಮನಿರುವುದೊಂದೇ ಅಲ್ಲಿ ಸಾಧನೆ. ಹಳೆಯ ಕಡತದಲ್ಲಿ ಎಷ್ಟು ಬದು ಎದ್ದಿವೆ ಎಂದು ನೋಡಲು ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಬೇಕು: ಸಾಲು ಸಾಲಿನ ತುದಿಯಲ್ಲೂ ತಿರುಗಿ ನಿಂತ ಪಿ ಅಕ್ಷರದ ಮೆರವಣಿಗೆ ಕಾಣುತ್ತದೆ. ಕೀಳುವುದಕ್ಕೆ ಮೂರು ಹೆಜ್ಜೆ. ಎರಡು ಎಂಟರ್ ಒಟ್ಟಿಗೆ ಇರುವಲ್ಲೆಲ್ಲ ನಿಜವಾದ ಪ್ಯಾರಾ ಇದೆಯೆಂದು ತಿಳಿದು ಅಲ್ಲಿ ಬೇರೆಲ್ಲೂ ಬಾರದ ಒಂದು ಗುರುತು ಹಾಕಿಸುವುದು. ಉಳಿದ ಒಂಟಿ ಎಂಟರುಗಳನ್ನೆಲ್ಲ ಖಾಲಿ ಜಾಗವಾಗಿ ಬದಲಿಸುವುದು. ಕೊನೆಗೆ ಆ ಗುರುತಿನ ಜಾಗದಲ್ಲಿ ಎಂಟರನ್ನು ಮರಳಿ ಕೂರಿಸುವುದು. ಲಿಬ್ರೆ ಆಫೀಸಿನವರು ಇನ್ನೂ ಮುಂದೆ ಹೋಗಿ, ಒಂಟಿ ಸಾಲಿನ ಪ್ಯಾರಾಗಳನ್ನು ಒಟ್ಟುಗೂಡಿಸುವ ಒಂದು ಆಯ್ಕೆಯನ್ನೇ ತಂತ್ರಾಂಶದೊಳಗೆ ಇಟ್ಟಿದ್ದಾರೆ. ಮಾಸ್ಟ್ರ ಬಳಗ ಲೋಕದ ತುಂಬ ಹಬ್ಬಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದನ್ನೆಲ್ಲ ತೋರಿಸಿಕೊಟ್ಟರೆ ಮಾಸ್ಟ್ರು ಹಟ ಮಾಡುವವರಲ್ಲ. ಕನ್ನಡಕ ಮೇಲಕ್ಕೆ ಸರಿಸಿ ನೋಡುತ್ತಾರೆ. ಪದ ಬಲದಂಡೆ ಮುಟ್ಟಿ, ಹಿಡಿಸದೆ, ಯಾರೂ ತಳ್ಳದೆ ಕೆಳಗಿನ ಸಾಲಿಗೆ ಇಳಿದು ಕೂತದ್ದನ್ನು ಕಂಡು ‘ಓ, ಹೀಗೂ ಉಂಟಾ’ ಎನ್ನುತ್ತಾರೆ. ಇನ್ನೊಂದು ಸಾಲು ಟೈಪಿಸಿ ಅದೂ ಇಳಿಯುವುದನ್ನು ಖಚಿತ ಮಾಡಿಕೊಳ್ಳುತ್ತಾರೆ, ಮೂರನೆಯದನ್ನೂ ನೋಡುತ್ತಾರೆ, ತಲೆಯಾಡಿಸುತ್ತಾರೆ. ಆಮೇಲೆ ಕಿರುಬೆರಳು ಮೆಲ್ಲ ಬಲಕ್ಕೆ ಸರಿಯುತ್ತದೆ. ‘ಒಂದು ಇರ್ಲಿ, ಪ್ರಿಂಟಿಗೆ ಹೋಗುವಾಗ ಕೈ ಕೊಟ್ರೆ ಕಷ್ಟ.’